ಮೇ ತಿಂಗಳಲ್ಲಿ ಅಪ್ಪನನ್ನು ಕೂರಿಸಿಕೊಂಡು ಬೈಕಿನಲ್ಲಿ ಮಲೆನಾಡು: ಮೂರು ದಿನಕ್ಕೆ ಈ ದಾರಿ ಸರಿಯಾ?

ಹಾಸನದ ಹಾದಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನದಲ್ಲಿ. ಮೇ ಮೂರನೇ ವಾರ ನನಗೆ ಮೂರು ದಿನ ರಜೆ ಸಿಕ್ಕಿದೆ. ಅಪ್ಪನ ಜೊತೆ ಬೈಕಿನಲ್ಲಿ ಬೆಟ್ಟದ ಕಡೆ ಸುತ್ತಿ ಬರಬೇಕು ಅಂತ ಆಸೆ.

ಅಪ್ಪನಿಗೆ ಈಗ 66. ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ಹದಿನೆಂಟು ವರ್ಷ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವರು, ಆಗಿದ್ದರು. ಆಗ ಅವರ ಹತ್ತಿರ ಯೆಜ್ಡಿ ಬೈಕು ಇತ್ತು. ಬ್ಯಾಂಕಿಗೆ ಹೋಗಿ ಬಟವಾಡೆ ದುಡ್ಡು ತರುತ್ತಿದ್ದುದು ಅದರಲ್ಲೇ. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದುದು ಈಗಲೂ ನೆನಪಿದೆ. ತೋಟದ ಕೆಲಸ ಬಿಟ್ಟು ಹಾಸನಕ್ಕೆ ಬಂದ ಮೇಲೆ ಅವರು ಆ ಕಡೆ ಹೋಗಿಯೇ ಇಲ್ಲ. ಹೋದ ತಿಂಗಳು ಊಟ ಮಾಡುತ್ತಾ, "ಒಂದ್ಸಲ ಆ ರಸ್ತೆಲಿ ಹೋಗ್ಬೇಕು ಕಣೋ, ಬೈಕಲ್ಲೇ" ಅಂದರು. ಕಾರು ಬೇಡವಂತೆ.

ನಾನು ಹಾಕಿಕೊಂಡ ದಾರಿ: ಮೊದಲ ದಿನ ಹಳೇಬೀಡು, ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ. ಎರಡನೇ ದಿನ ಬಾಳೆಹೊನ್ನೂರು, ಕಳಸ, ಹೊರನಾಡು, ಕುದುರೆಮುಖ. ಮೂರನೇ ದಿನ ಕೊಟ್ಟಿಗೆಹಾರ, ಚಾರ್ಮಾಡಿ, ಸುಬ್ರಹ್ಮಣ್ಯ, ಬಿಸ್ಲೆ, ಸಕಲೇಶಪುರ, ಹಾಸನ.

ನನ್ನದು 150 ಸಿಸಿ ಬೈಕು, ನಾಲ್ಕು ವರ್ಷ ಹಳೆಯದು. ಅಪ್ಪನಿಗೆ ಬಲಮಂಡಿ ನೋವಿದೆ. ಆಗುತ್ತಾ?

ಕೈಮರ

ಆಗಲ್ಲ ಸರ್. ಒಬ್ಬರೇ ಹೋದರೂ ಸುಸ್ತಾಗುತ್ತೆ. ಅಪ್ಪನ ಜೊತೆ ಅಂತೂ ಖಂಡಿತ ಬೇಡ.

ಬುಲೆಟ್ ಸವಾರ

ಯಾಕಾಗಲ್ಲ? ನಾವು ನಾಲ್ಕು ಜನ ಇದಕ್ಕಿಂತ ಜಾಸ್ತಿ ಮಾಡಿದ್ದೇವೆ. ಬೆಳಗ್ಗೆ ಐದಕ್ಕೆ ಬಿಟ್ಟರೆ ಆಯ್ತು. ಆದರೆ 150 ಸಿಸಿಯಲ್ಲಿ ಇಬ್ಬರು ಮತ್ತು ಲಗೇಜು ಅಂದರೆ ಗಿರಿ ಹತ್ತುವಾಗ ಒದ್ದಾಡುತ್ತೆ. ಯಾರದ್ದಾದರೂ 350 ಕೇಳಿ ನೋಡಿ.

ಗೇರು ಚೈನು

350 ಬೇಕೇಬೇಕು ಅನ್ನೋದನ್ನು ಒಪ್ಪಲ್ಲ ಸರ್. ಇಪ್ಪತ್ತು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ನಮ್ಮ ಕಡೆ ತೋಟದವರು 100 ಸಿಸಿ ಗಾಡಿಯಲ್ಲಿ ಹೆಂಡತಿ, ಮಗು, ಗೊಬ್ಬರದ ಚೀಲ ಎಲ್ಲಾ ಇಟ್ಟುಕೊಂಡು ಇದೇ ಏರು ಹತ್ತುತ್ತಾರೆ. ಹತ್ತೋದು ದೊಡ್ಡ ವಿಷಯವಲ್ಲ. ಮೊದಲೋ ಎರಡನೆಯದೋ ಗೇರಿಗೆ ಹಾಕಿ ನಿಧಾನ ಹೋದರೆ ಯಾವ ಗಾಡಿಯೂ ಹತ್ತುತ್ತೆ. ಅರ್ಧ ಕ್ಲಚ್ ಹಿಡಿದುಕೊಂಡೇ ಹತ್ತಬೇಡಿ, ಪ್ಲೇಟು ಸುಡುತ್ತೆ.

ಕಷ್ಟ ಇರೋದು ಇಳಿಯುವಾಗ. ಹತ್ತಿದ ಗೇರಿನಲ್ಲೇ ಇಳಿಸಿ. ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಿಕೊಂಡು ಇಳಿಸಬೇಡಿ. ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತೆ. ಉದ್ದಕ್ಕೂ ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಲೈನರ್ ಕಾದು ಹಿಡಿತ ಹೋಗುತ್ತೆ. ಬೇಕಾದಾಗ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ.

ಹೊರಡುವ ಮೊದಲು ಬ್ರೇಕ್ ಪ್ಯಾಡ್, ಲೈನರ್, ಚೈನ್ ಬಿಗಿ, ಟೈರು ಸವೆದಿದೆಯಾ ಅಂತ ನೋಡಿಸಿ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಗಾಳಿ ಜಾಸ್ತಿ ಬೇಕು. ಎಷ್ಟು ಅಂತ ಗಾಡಿ ಮೇಲೇ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಪುಸ್ತಕದಲ್ಲಿದೆ. ಹಿಂದಿನ ಶಾಕ್ ಅಬ್ಸಾರ್ಬರ್ ಕೂಡ ಒಂದು ಹಲ್ಲು ಬಿಗಿ ಮಾಡಿಸಿ. ಒಂದು ಕ್ಲಚ್ ಕೇಬಲ್ ಜೊತೆಗಿರಲಿ. ಕಾಡಿನ ಮಧ್ಯೆ ಕೇಬಲ್ ಹೋದರೆ ಅಪ್ಪನನ್ನು ಎಲ್ಲಿ ಕೂರಿಸುತ್ತೀರಿ?

ಎರಡು ಸ್ಟ್ರೋಕ್

ಹತ್ತಿದ ಗೇರಿನಲ್ಲೇ ಇಳಿಸು ಅನ್ನೋದು ಈಗಿನ ಗಾಡಿಗೆ ಸರಿ. ಇವರ ಅಪ್ಪನ ಯೆಜ್ಡಿಯಲ್ಲಿ ಅದು ಅಷ್ಟು ಸುಲಭ ಇರಲಿಲ್ಲ. ಟೂ ಸ್ಟ್ರೋಕ್ ಇಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿಯಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಇಳಿಜಾರಿನಲ್ಲಿ ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್ನಿಗೆ ಆಯಿಲ್ಲೂ ಹೋಗುತ್ತಿರಲಿಲ್ಲ, ಪಿಸ್ಟನ್ ಕಚ್ಚಿಕೊಳ್ಳುವ ಭಯ. ಅದಕ್ಕೇ ಹಳಬರು ಘಾಟಿ ಇಳಿಯುವಾಗ ನಡುನಡುವೆ ಸ್ವಲ್ಪ ರೈಸ್ ಮಾಡುತ್ತಿದ್ದರು. ಅಂಥ ಗಾಡಿಯಲ್ಲಿ ಮಳೆಗಾಲದಲ್ಲೂ ಬಟವಾಡೆ ದುಡ್ಡು ತಂದವರಿಗೆ ನಿಜವಾಗಿ ಕೈ ಮುಗಿಯಬೇಕು.

ಯೆಜ್ಡಿ ನಮ್ಮ ಮೈಸೂರಿನ ಗಾಡಿ ಅನ್ನೋದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಮುಚ್ಚಿತು. ಕಿಕ್ಕರ್, ಗೇರು ಎರಡಕ್ಕೂ ಒಂದೇ ಲಿವರ್. ಅಪ್ಪನ ಯೆಜ್ಡಿ ಈಗ ಎಲ್ಲಿದೆ ಸರ್?

ಹಾಸನದ ಹಾದಿ

ತೋಟ ಬಿಡುವಾಗ ಮಾರಿದರು. ಯಾರು ತಗೊಂಡರು ಅಂತ ನನಗೆ ಗೊತ್ತಿಲ್ಲ, ಕೇಳುತ್ತೇನೆ. ಗೇರು ಚೈನು ಸರ್, ನೀವು ಹೇಳಿದ್ದನ್ನೆಲ್ಲಾ ಬರೆದುಕೊಂಡೆ.

ತೋಟದ ಮನೆ

ನಾನು ಮೂಡಿಗೆರೆ ತಾಲ್ಲೂಕಿನವನು, ಸಣ್ಣ ಬೆಳೆಗಾರ. ನಿಮ್ಮ ದಾರಿ ನೋಡಿ ಒಂದು ಮಾತು ಹೇಳಬೇಕು ಅನ್ನಿಸಿತು. ಅಪ್ಪ ಕೇಳಿದ್ದು ಮೂಡಿಗೆರೆ ರಸ್ತೆ. ನೀವು ಹಾಕಿದ ಮೂರು ದಿನದಲ್ಲಿ ಮೂಡಿಗೆರೆ ಎಲ್ಲಿದೆ? ಕೊಟ್ಟಿಗೆಹಾರದಿಂದ ಹಾಗೇ ಚಾರ್ಮಾಡಿ ಇಳಿದುಬಿಡುತ್ತೀರಿ. ಅವರು ನೋಡಬೇಕು ಅಂದಿದ್ದನ್ನು ಬಿಟ್ಟು ಉಳಿದಿದ್ದೆಲ್ಲಾ ತೋರಿಸಿದ ಹಾಗೆ ಆಗುತ್ತೆ.

ಮೇ ತಿಂಗಳ ಮಳೆ ವಿಷಯವೂ ಇದೆ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತೆ. ಮಧ್ಯಾಹ್ನ ಎರಡು, ಮೂರು ಗಂಟೆಗೆ ಮೋಡ ಕಟ್ಟಿ ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಒಣಗಿದ ರಸ್ತೆಗೆ ಬೀಳುವ ಮೊದಲ ಮಳೆ ತುಂಬಾ ಅಪಾಯ. ಧೂಳು, ವಾಹನದಿಂದ ಸೋರಿದ ಆಯಿಲ್ ಎಲ್ಲಾ ಸೇರಿ ಸೋಪು ಹಚ್ಚಿದ ಹಾಗೆ ಆಗಿರುತ್ತೆ. 2025ರಲ್ಲಿ ಮುಂಗಾರೇ ಮೇ ಕೊನೆ ವಾರದಲ್ಲಿ ಬಂದಿತ್ತು. ಹಾಗಾಗಿ ಬೆಳಗ್ಗೆ ಆರಕ್ಕೆ ಹೊರಟು ಒಂದೂವರೆ, ಎರಡಕ್ಕೆ ಸೂರಿನಡಿ ಸೇರುವ ಹಾಗೆ ದಿನ ಹಾಕಿಕೊಳ್ಳಿ. ದಿನಕ್ಕೆ ಎಂಬತ್ತು, ತೊಂಬತ್ತು ಕಿಲೋಮೀಟರ್ ಸಾಕು.

ಬೇಲೂರು ಅಕ್ಕ

ಹೌದು, ತೋಟದ ಮನೆಯವರು ಹೇಳಿದ್ದು ಸರಿ. ಇನ್ನೊಂದು ವಿಷಯ. ಹಳೇಬೀಡು, ಬೇಲೂರು ದೇವಸ್ಥಾನಕ್ಕೆ ಬೆಳಗ್ಗೆಯೇ ಬನ್ನಿ. ಮೇ ತಿಂಗಳ ಮಧ್ಯಾಹ್ನ ಅಂಗಳದ ಕಲ್ಲು ಕಾದು ಅಂಗಾಲು ಸುಡುತ್ತೆ. ವಯಸ್ಸಾದವರಿಗೆ ಬೇಗ ನಡೆಯೋಕೂ ಆಗಲ್ಲ. ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ ಬರುತ್ತಾರೆ, ಅದಕ್ಕೂ ಬೆಳಗ್ಗೆಯೇ ಒಳ್ಳೆಯದು.

ಕೈಮರ

ಮುಳ್ಳಯ್ಯನಗಿರಿಗೆ ಈಗ ಸುಮ್ನೆ ಹೋಗೋಕೆ ಆಗಲ್ಲ, ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಬೇಕು. ಬೆಳಗಿನ ಪಾಳಿ ಬೇರೆ, ಮಧ್ಯಾಹ್ನದ್ದು ಬೇರೆ. ವಾಹನ ನಿಲ್ಲಿಸಿದ ಮೇಲೆ ತುದಿಗೆ ಮೆಟ್ಟಿಲು ಹತ್ತಲೇಬೇಕು. ಮಂಡಿ ನೋವಿದ್ದವರಿಗೆ ಕಷ್ಟ. ಕರ್ನಾಟಕದ ಅತಿ ಎತ್ತರದ ಜಾಗ, 1930 ಮೀಟರ್, ನೋಡಬೇಕು ನಿಜ. ಆದರೆ ಕೆಳಗೇ ನಿಂತು ನೋಡುವುದಾದರೆ ಸೀತಾಳಯ್ಯನಗಿರಿ ಸಾಕು. ಅತ್ತಿಗುಂಡಿ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಒಳದಾರಿ ಅಂತ ಮ್ಯಾಪ್ ತೋರಿಸುತ್ತೆ, ನಂಬಬೇಡಿ. ಇಬ್ಬರು ಕೂತು ಹೋಗುವ ರಸ್ತೆ ಅಲ್ಲ ಅದು.

ಗಿರಿಗಂಧ

ನನಗೊಂದು ಪ್ರಶ್ನೆ. ಮೇನಲ್ಲಿ ಹೋದರೆ ಕಾಫಿ ಹೂ ನೋಡಬಹುದಾ? ಬೆಳ್ಳಗೆ ತೋಟವಿಡೀ ಅರಳಿರುವ ಫೋಟೋ ನೋಡಿದ್ದೆ.

ತೋಟದ ಮನೆ

ಇಲ್ಲ ಮೇಡಂ. ಅದು ಹೂಮಳೆ ಬಿದ್ದ ಮೇಲೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಒಂದು ಒಳ್ಳೆ ಮಳೆ ಬಿದ್ದರೆ ಎಂಟು, ಹತ್ತು ದಿನಕ್ಕೆ ಮೊಗ್ಗು ಒಡೆಯುತ್ತೆ. ಮೂರು ದಿನ ಮಲ್ಲಿಗೆ ತೋಟದಲ್ಲಿ ನಿಂತ ಹಾಗೆ ವಾಸನೆ. ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತೆ. ಮೇ ಹೊತ್ತಿಗೆ ಹೂ ಉದುರಿ ಸಣ್ಣ ಮಿಡಿ ಕಟ್ಟಿರುತ್ತೆ. ಆಗ ನೋಡೋಕೆ ಸಿಗೋದು ಹಲಸು. ರಸ್ತೆ ಬದಿಯ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಪಕ್ಕ ಹಲಸಿನ ಮರದ ಬುಡದಿಂದ ತುದಿವರೆಗೆ ಕಾಯಿ.

ಬುಲೆಟ್ ಸವಾರ

ಎಲ್ಲರೂ ಹೆದರಿಸುತ್ತಿದ್ದೀರಿ. ಬೈಕ್ ಪ್ರವಾಸ ಅಂದರೆ ರಸ್ತೆಯಲ್ಲಿ ಇರೋದೇ ಖುಷಿ. ಮಧ್ಯಾಹ್ನ ಎರಡಕ್ಕೆ ರೂಮು ಸೇರಿ ಏನು ಮಾಡೋದು?

ಆಲೂರಿನವಳು

ಖುಷಿ ಬೇಡ ಅಂತ ಯಾರೂ ಹೇಳುತ್ತಿಲ್ಲ ಅಣ್ಣ. ಸಂಜೆ ಮೇಲೆ ರಸ್ತೆ ನಮ್ಮದಲ್ಲ ಅಂತ ಅಷ್ಟೇ. ನಮ್ಮ ಕಡೆ ಕತ್ತಲಾದ ಮೇಲೆ ಸಾಮಾನು ತರೋಕೆ ಅಂತ ಅರ್ಧ ಕಿಲೋಮೀಟರ್ ಹೋಗೋದಕ್ಕೂ ಯೋಚನೆ ಮಾಡುತ್ತೇವೆ. ಆಲೂರು, ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ಕಾಡಾನೆ ತೋಟದಿಂದ ತೋಟಕ್ಕೆ ರಸ್ತೆ ದಾಟುತ್ತಲೇ ಇರುತ್ತೆ. ಬೈಕಿನ ಲೈಟಿಗೆ ತಿರುವಿನಲ್ಲಿ ನಿಂತ ಆನೆ ಕಾಣಲ್ಲ. ನಮ್ಮ ಪಕ್ಕದ ಮನೆಯವರು ಒಬ್ಬರು ಹಾಗೇ ಹೋಗಿ, ಬೈಕ್ ಬಿಟ್ಟು ಓಡಿ ಬದುಕಿದರು. ಈಗಲೂ ಅವರು ಸಂಜೆ ಆರರ ಮೇಲೆ ಗೇಟು ದಾಟಲ್ಲ.

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಎಲ್ಲಿ ಹಿಂಡು ಇದೆ ಅಂತ ಮೊಬೈಲಿಗೆ ಹಾಕುತ್ತಾರೆ. ಉಳಿಯುವ ಮನೆಯವರನ್ನು ಬೆಳಗ್ಗೆ ಹೊರಡುವ ಮೊದಲು ಕೇಳಿ. ಆನೆ ಕಂಡರೆ ಹಾರನ್ ಹೊಡೆಯಬೇಡಿ, ಫೋಟೋ ತೆಗೆಯಬೇಡಿ. ದೂರದಲ್ಲೇ ನಿಲ್ಲಿಸಿ, ತಿರುಗಿಸಿಕೊಂಡು ಬನ್ನಿ.

ಗಿರಿ ಕೆಳಗಿನ ಮನೆ

ವಿಷಯ ಬಂತು ಅಂತ ಹೇಳುತ್ತಿದ್ದೇನೆ. ನಮ್ಮ ಮನೆ ಬೆಟ್ಟದ ರಸ್ತೆಯ ಬದಿಯಲ್ಲೇ ಇದೆ. ಶನಿವಾರ, ಭಾನುವಾರ ಬೆಳಗ್ಗೆ ಐದೂವರೆಗೆ ಸೈಲೆನ್ಸರ್ ಬದಲಾಯಿಸಿದ ಬೈಕು ಇಪ್ಪತ್ತು, ಮೂವತ್ತು ಸಾಲಾಗಿ ಹೋಗುತ್ತವೆ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಪ್ರತಿ ಸಲ ಬೆಚ್ಚಿ ಏಳುತ್ತಾರೆ. ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗುತ್ತೆ. ನೋಡೋಕೆ ಬನ್ನಿ, ಬೇಡ ಅನ್ನಲ್ಲ. ಆದರೆ ನಮ್ಮ ಮನೆಯ ಮುಂದೆ ಆ ಸದ್ದು ಯಾಕೆ?

ಬುಲೆಟ್ ಸವಾರ

ಎಲ್ಲಾ ಬೈಕಿನವರೂ ಹಾಗಿಲ್ಲ ಮೇಡಂ. ನನ್ನದು ಕಂಪನಿ ಸೈಲೆನ್ಸರ್ರೇ. ಕೆಲವರು ಮಾಡುವುದಕ್ಕೆ ಎಲ್ಲರಿಗೂ ಹೆಸರು.

ಗಿರಿ ಕೆಳಗಿನ ಮನೆ

ನಿಮಗೆ ಹೇಳಿದ್ದಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಹಾಗೆ ಬಂದರೆ ನೀವೇ ಹೇಳಬೇಕು. ನಾವು ಹೇಳಿದರೆ ಜಗಳಕ್ಕೆ ಬರುತ್ತಾರೆ.

ಬುಲೆಟ್ ಸವಾರ

ಅದು ಸರಿ. ಹೇಳುತ್ತೇನೆ.

ಗೇರು ಚೈನು

ನನ್ನ ಅಂಗಡಿಗೂ ಸೈಲೆನ್ಸರ್ ಬದಲಾಯಿಸೋಕೆ ಬರುತ್ತಾರೆ. ನಾನು ಹಾಕಿಕೊಡಲ್ಲ. ಅದಕ್ಕೆ ದಂಡವೂ ಇದೆ. ಗಾಡಿ ಓಟ ಏನೂ ಹೆಚ್ಚಾಗಲ್ಲ, ಬರೀ ಗಲಾಟೆ.

ಹೇಮಾವತಿ ತೀರ

ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚ್ ಬಿಡಬೇಡಿ ಅಂತ ಹೇಳೋಣ ಅಂತ ಬಂದೆ. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ನೀರು ಇಳಿದು ಪೂರ್ತಿ ಕಾಣುತ್ತೆ. ಹಾಸನದಿಂದ ಅರ್ಧ ದಿನದ ದಾರಿ.

ಮೂರನೇ ದಿನಕ್ಕೆ ಸಕಲೇಶಪುರದಿಂದ ಬಿಸ್ಲೆ ಕಡೆ ಹೋಗಿ ಬನ್ನಿ, ಘಾಟಿ ಇಳಿಯುವುದು ಬೇಡ. ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ರಸ್ತೆ ಪಕ್ಕದಲ್ಲೇ ಒಂದು ಕಲ್ಲಿದೆ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿ ಅಂತ ಕೆತ್ತಿದ್ದಾರೆ. ಅಲ್ಲಿ ಬಿದ್ದ ಮಳೆ ಈ ಕಡೆ ಹರಿದರೆ ಹೇಮಾವತಿ ಸೇರಿ ಕಾವೇರಿಗೆ, ಆ ಕಡೆ ಹರಿದರೆ ಕುಮಾರಧಾರೆ ಸೇರಿ ನೇತ್ರಾವತಿಗೆ. ಮೆಟ್ಟಿಲು ಹತ್ತುವ ಕೆಲಸ ಇಲ್ಲ, ಬೈಕು ಪಕ್ಕಕ್ಕೆ ನಿಲ್ಲಿಸಿದರೆ ಆಯ್ತು. ಮುಂದೆ ಬಿಸ್ಲೆ ವ್ಯೂ ಪಾಯಿಂಟಿನಿಂದ ಕುಮಾರಪರ್ವತ ಎದುರಿಗೇ ಕಾಣುತ್ತೆ. ಪೆಟ್ರೋಲ್ ಸಕಲೇಶಪುರದಲ್ಲೇ ತುಂಬಿಸಿಕೊಳ್ಳಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ.

ಎರಡು ಸ್ಟ್ರೋಕ್

ಮಂಜರಾಬಾದ್ ಕೋಟೆ? ನಕ್ಷತ್ರದ ಆಕಾರದ ಕೋಟೆ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು.

ಹೇಮಾವತಿ ತೀರ

ಅಲ್ಲೂ ಮೆಟ್ಟಿಲು ಸರ್. ಅಪ್ಪನ ಮಂಡಿ ನೋಡಿಕೊಂಡು ಹೇಳಿ.

ಬೇಲೂರು ಅಕ್ಕ

ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನದೆ ಬಂದರೆ ಪ್ರಯಾಣ ಲೆಕ್ಕಕ್ಕಿಲ್ಲ.

ಆಲೂರಿನವಳು

ನೀರು ದೋಸೆ ಕರಾವಳಿಯದು ಅಕ್ಕ. ಮಲೆನಾಡಿಗೆ ಬಂದ ಮೇಲೆ ಅಕ್ಕಿ ರೊಟ್ಟಿ ತಿನ್ನಬೇಕು.

ಬೇಲೂರು ಅಕ್ಕ

ಘಾಟಿ ಹತ್ತಿ ಬಂತಲ್ವಾ, ಈಗ ನಮ್ಮದೇ.

ತೋಟದ ಮನೆ

ಹಾಸನದವರೇ, ನನ್ನ ಸಲಹೆ ಇಷ್ಟು. ಮೊದಲ ದಿನ ಹಳೇಬೀಡು, ಬೇಲೂರು ಮುಗಿಸಿ ಮಧ್ಯಾಹ್ನದೊಳಗೆ ಮೂಡಿಗೆರೆ. ಸಂಜೆ ಅಪ್ಪನ ಹಳೆ ತೋಟಕ್ಕೆ ಹೋಗಿ. ಮೊದಲೇ ಮಾಲೀಕರಿಗೆ ಫೋನ್ ಮಾಡಿ, ಈಗ ಗೇಟಿನಲ್ಲಿ ಸುಮ್ನೆ ಬಿಡಲ್ಲ. ಎರಡನೇ ದಿನ ಬೆಳಗ್ಗೆ ಕೊಟ್ಟಿಗೆಹಾರ, ಚಾರ್ಮಾಡಿಯ ಮೇಲಿನ ತಿರುವುಗಳವರೆಗೆ ಹೋಗಿ ವಾಪಸ್. ಹಾನುಬಾಳು ಮೇಲೆ ಸಕಲೇಶಪುರ. ಮೂರನೇ ದಿನ ಬಿಸ್ಲೆ ಕಡೆ ಹೋಗಿ ಬಂದು ಹಾಸನ. ಗಿರಿ, ಕಳಸ, ಕುದುರೆಮುಖ ಇನ್ನೊಂದು ಸಲಕ್ಕೆ ಇರಲಿ.

ಘಾಟಿಯಲ್ಲಿ ಹತ್ತಿ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು, ಅದು ನಿಯಮ. ತಿರುವಿನಲ್ಲಿ ಬಸ್ಸು ಪೂರ್ತಿ ರಸ್ತೆ ತಗೊಂಡೇ ತಿರುಗುತ್ತೆ, ಒಳಗೆ ನುಗ್ಗಬೇಡಿ. ಚಾರ್ಮಾಡಿಯಲ್ಲಿ 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಿದ್ದು ನೆನಪಿರಬಹುದು. ಮಳೆ ಬರುತ್ತಿದ್ದರೆ ಆ ಕಡೆ ಹೋಗಲೇಬೇಡಿ. ಜಲಪಾತಗಳು ಮೇನಲ್ಲಿ ಒಣಗಿರುತ್ತವೆ, ಹೇಗೂ ನಷ್ಟ ಇಲ್ಲ. ಒಣ ಹುಲ್ಲಿನ ಗುಡ್ಡದ ಹತ್ತಿರ ಬೀಡಿ, ಸಿಗರೇಟು ಯಾರಿಗೂ ಬೇಡ. ಒಂದು ಕಿಡಿಗೆ ಗುಡ್ಡವೇ ಹೋಗುತ್ತೆ.

ಗಿರಿಗಂಧ

ಉಳಿಯುವ ಜಾಗಕ್ಕೆ ಮೊದಲೇ ಫೋನ್ ಮಾಡಿ ನೆಲಮಹಡಿಯ ರೂಮು, ಕಮೋಡ್ ಇದೆಯಾ ಕೇಳಿ ಸರ್. ನಾವು ಅಮ್ಮನನ್ನು ಕರೆದುಕೊಂಡು ಒಂದು ಹೋಂಸ್ಟೇಗೆ ಹೋಗಿದ್ದೆವು. ಫೋಟೋದಲ್ಲಿ ಚೆನ್ನಾಗಿತ್ತು. ರೂಮಿಗೆ ಕಡಿದಾದ ಮರದ ಏಣಿ ಹತ್ತಬೇಕಿತ್ತು. ಅಮ್ಮ ರಾತ್ರಿಯೆಲ್ಲಾ ಕೆಳಗೆ ಕುರ್ಚಿಯಲ್ಲೇ ಕೂತಿದ್ದರು.

ಗೇರು ಚೈನು

ಇನ್ನೊಂದು ಮರೆತಿದ್ದೆ. ಹಿಂದೆ ಕೂರುವವರಿಗೂ ಒಳ್ಳೆ ಹೆಲ್ಮೆಟ್ ತಗೊಳ್ಳಿ, ಟೊಪ್ಪಿ ತರಹದ್ದಲ್ಲ. ಬ್ಯಾಗನ್ನು ಅವರ ಬೆನ್ನಿಗೆ ಹಾಕಬೇಡಿ, ಗಾಡಿಯ ಎರಡೂ ಬದಿಗೆ ಕಟ್ಟಿ. ಮುಕ್ಕಾಲು ಗಂಟೆಗೊಮ್ಮೆ ಇಳಿಸಿ ನಡೆದಾಡಿಸಿ. ಮಂಡಿ ಮಡಚಿಕೊಂಡೇ ಕೂತರೆ ಹಿಡಿದುಕೊಳ್ಳುತ್ತೆ.

ಹಾಸನದ ಹಾದಿ

ಎಲ್ಲರಿಗೂ ತುಂಬಾ ಧನ್ಯವಾದ. ತೋಟದ ಮನೆಯವರ ಮಾತು ಓದಿ ಒಂದು ಕ್ಷಣ ಸುಮ್ಮನಾದೆ. ಅಪ್ಪ ಕೇಳಿದ ರಸ್ತೆಯೇ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅವರು ಹೇಳಿದ ಹಾಗೇ ಹೋಗುತ್ತೇವೆ. ಬಂದು ಬರೆಯುತ್ತೇನೆ.

ಹಾಸನದ ಹಾದಿ (ಮೂರು ವಾರದ ನಂತರ)

ಹೋಗಿ ಬಂದೆವು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ದಿನ ಆರಕ್ಕೆ ಬಿಟ್ಟೆವು. ಬೇಲೂರು ದಾಟುವವರೆಗೆ ಅಪ್ಪ ಮಾತೇ ಆಡಲಿಲ್ಲ. ಮೂಡಿಗೆರೆ ಹತ್ತಿರ ಬಂದ ಹಾಗೆ ಶುರುವಾಯಿತು. "ಇಲ್ಲಿ ಎಡಕ್ಕೆ ತಗೋ. ಮುಂದೆ ಮೋರಿ ಬರ್ತದೆ, ನಿಧಾನ." ನಾನು ಮ್ಯಾಪ್ ಆಫ್ ಮಾಡಿದೆ. ಮೋರಿ ಅವರು ಹೇಳಿದ ಜಾಗದಲ್ಲೇ ಇತ್ತು.

ತೋಟದವರು ಒಳಗೆ ಬಿಟ್ಟರು. ನಾವಿದ್ದ ಮನೆ ಈಗ ಇಲ್ಲ, ಆ ಜಾಗದಲ್ಲಿ ಗೋದಾಮು ಬಂದಿದೆ. ಅಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. ನನಗೆ ಕರೆದುಕೊಂಡು ಬಂದು ತಪ್ಪು ಮಾಡಿದೆನಾ ಅನ್ನಿಸಿತು. ಆಗ ಕೂಲಿಯವರ ಲೈನ್ ಮನೆ ಕಡೆಯಿಂದ ವಯಸ್ಸಾದ ಒಬ್ಬ ಅಮ್ಮ ಬಂದರು. ಹತ್ತಿರ ಬಂದು, "ರೈಟ್ರಲ್ವಾ?" ಅಂದರು. ಅಪ್ಪ ಅವರ ಹೆಸರು, ಅವರ ಮೂರು ಮಕ್ಕಳ ಹೆಸರು ಎಲ್ಲಾ ಹೇಳಿದರು. ಮನೆಯಲ್ಲಿ ಅಪ್ಪ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತಾರೆ. ಅಲ್ಲಿ ಹಾಜರಿ ಪುಸ್ತಕ ಓದಿದ ಹಾಗೆ ಹೆಸರು ಹೇಳುತ್ತಿದ್ದರು. ಕತ್ತಲಾಗುತ್ತೆ ಅಂತ ನಾನೇ ಎಬ್ಬಿಸಿಕೊಂಡು ಬಂದೆ.

ಎರಡನೇ ದಿನ ಚಾರ್ಮಾಡಿಯ ಮೇಲಿನ ತಿರುವಿನಲ್ಲಿ ಅರ್ಧ ಗಂಟೆ ಕೂತೆವು. ಮಂಜು ಕೆಳಗಿನಿಂದ ಹತ್ತಿ ಬಂದು ರಸ್ತೆ ಮುಚ್ಚಿ, ಮತ್ತೆ ಬಿಡುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಸಕಲೇಶಪುರದ ರೂಮು ಸೇರಿದೆವು. ಎರಡೂವರೆಗೆ ಶುರುವಾದ ಮಳೆ, ಕಿಟಕಿಯಿಂದ ರಸ್ತೆಯೇ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಘಾಟಿಯಲ್ಲಿ ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತೆ.

ಮೂರನೇ ದಿನ ಮಂಕನಹಳ್ಳಿಯ ಕಲ್ಲು ಸಿಕ್ಕಿತು. ಅಪ್ಪ ಬಾಟಲಿ ನೀರನ್ನು ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಸುರಿದು, ಎರಡೂ ಹರಿಯುವುದನ್ನು ಬಗ್ಗಿ ನೋಡಿದರು. ಮುಂದೆ ವ್ಯೂ ಪಾಯಿಂಟಿನಲ್ಲಿ ಕುಮಾರಪರ್ವತಕ್ಕೆ ಮೋಡ ಮುಚ್ಚಿತ್ತು, ಪೂರ್ತಿ ಕಾಣಲಿಲ್ಲ.

ಬೈಕು ಏನೂ ತೊಂದರೆ ಕೊಡಲಿಲ್ಲ. ಕ್ಲಚ್ ಕೇಬಲ್ ಹಾಗೇ ವಾಪಸ್ ಬಂತು. ಮಂಡಿಗೆ ಎರಡು ದಿನ ಎಣ್ಣೆ ಹಚ್ಚಿಕೊಂಡರು, ಈಗ ಸರಿಯಾಗಿದೆ.

ಎರಡು ಸ್ಟ್ರೋಕ್

ಯೆಜ್ಡಿ ಏನಾಯ್ತು ಸರ್? ಕೇಳಿದಿರಾ?

ಹಾಸನದ ಹಾದಿ

ಕೇಳಿದೆ. ಮೂಡಿಗೆರೆಯ ಒಬ್ಬ ಮೇಸ್ತ್ರಿಗೆ ಕೊಟ್ಟಿದ್ದರಂತೆ. ಅವರು ತೀರಿಕೊಂಡಿದ್ದಾರೆ. ಗಾಡಿ ಅವರ ಮಗನ ಶೆಡ್ಡಿನಲ್ಲಿ ಇರಬಹುದು ಅಂತ ಆ ಅಮ್ಮ ಹೇಳಿದರು. ಮಗನ ಫೋನ್ ನಂಬರ್ ತಂದಿದ್ದೇನೆ.

ಗೇರು ಚೈನು

ಇದ್ದರೆ ನನಗೆ ತಿಳಿಸಿ. ಕೂಲಿ ಬೇಡ. ಸಾಮಾನಿನ ಖರ್ಚು ಮಾತ್ರ ನಿಮ್ಮದು.

ತೋಟದ ಮನೆ

ಓದಿ ತುಂಬಾ ಸಂತೋಷ ಆಯ್ತು. ಗಿರಿ, ಕಳಸದ ಕಡೆ ಯಾವಾಗ?

ಹಾಸನದ ಹಾದಿ

ಅಮ್ಮ ಈಗ ಕೇಳುತ್ತಿದ್ದಾರೆ. ಅವರ ತವರು ಕಳಸದ ಹತ್ತಿರ. ಜುಲೈನಲ್ಲಿ ಹೋಗಬಹುದಾ?

ತೋಟದ ಮನೆ

ಜುಲೈನಲ್ಲಿ ಬೈಕ್ ಬೇಡ, ಬಸ್ಸಿನಲ್ಲಿ ಹೋಗಿ. ಬೈಕಿನಲ್ಲೇ ಆಗಬೇಕು ಅಂದರೆ ನವೆಂಬರ್ ಕೊನೆಗೆ ಬನ್ನಿ. ಮಳೆ ಬಿಟ್ಟಿರುತ್ತೆ, ನಮ್ಮಲ್ಲಿ ಹಣ್ಣು ಕುಯ್ಲು ಶುರುವಾಗಿರುತ್ತೆ. ಮೂಡಿಗೆರೆ ಮೇಲೆ ಬಂದರೆ ಊಟಕ್ಕೆ ನಮ್ಮ ಮನೆಗೇ ಬನ್ನಿ, ಅಪ್ಪನನ್ನೂ ಕರೆದುಕೊಂಡು.